ಮಂದೆಯ ಹಿಂದೆ ಹೋದವನ ಬಾಂಡು

ತಮ್ಮ ಜುಂಜೇಶನಿಗೆ ಅಮೆರಿಕದಲ್ಲಿ ತನ್ನದು ಅನ್ನೋ ವಿಳಾಸವೇ ಇರಲಿಲ್ಲ, ಬಸ್ಸಿನ ಕಿಟಕಿ ಗಡಗಡ ಅನ್ನುತ್ತಿತ್ತು, ಮುದ್ದಕ್ಕ ಅದಕ್ಕೇ ಹಣೆ ಆನಿಸಿ ಕೂತಿದ್ದಳು, ಚಿತ್ರದುರ್ಗ ಹಿಂದಾಯಿತು, ಹಿರೇಗುಂಟನೂರು ಇನ್ನೂ ಬರಲಿಲ್ಲ, ಹರೀಶನ ಫೋನು ಬಂದು ಗಂಟೆಯೂ ಆಗಿಲ್ಲ — ಅಕ್ಕಾ, ನಿನ್ನ ತಮ್ಮನ್ನ ಮತ್ತೆ ಹಿಡಕೊಂಡು ಹೋದ್ರು, ಜಾಮೀನಿನ ಬಾಂಡು ಮುರೀತು. ಹರೀಶ ಹೊಳಲ್ಕೆರೆಯವನು, ಅಮೆರಿಕದಲ್ಲಿ ಲಾರಿ ಓಡಿಸುತ್ತಾನೆ, ಕಾಗದಪತ್ರ ಸರಿಯಿವೆ, ಬಾಂಡಿನ ದುಡ್ಡು ಅಂಥವನೇ ಕಟ್ಟಬೇಕಂತೆ, ಊರಲ್ಲಿ ಕೂತ ಅಕ್ಕ ಕಟ್ಟಿದರೆ ನಡೆಯೋದಿಲ್ಲವಂತೆ. ಜುಂಜೇಶನನ್ನ ಏಜೆಂಟು ಕುರಿ ಕಾಯೋ ಕೆಲಸ ಅಂತ ಅಲ್ಲಿಗೆ ಕಳಿಸಿದ್ದ, ವೀಸಾ ಮುಗಿದದ್ದು ಯಾರೂ ಹೇಳಲಿಲ್ಲ, ಹಿಡಿದು ಹಾಕಿದರು, ಏಳು ತಿಂಗಳು ಒಳಗಿದ್ದ, ಒಳಗಿಂದಲೇ ಫೋನಿನಲ್ಲಿ ನಗುತ್ತಿದ್ದ — ಇಲ್ಲಿ ಕುರಿಗೆ ಕಿವಿಗೆ ನಂಬರ್ ಹಾಕ್ತಾರೆ ಕಣಕ್ಕ, ನನಗೆ ಕೈಗೆ ಹಾಕ್ಯಾರೆ, ಅಷ್ಟೇ ಫರಕು. ಆಮೇಲೆ ಜಡ್ಜು ಬಾಂಡು ಬರೆದ, ಪೂರಾ ದುಡ್ಡು ಒಂದೇ ಸಲಕ್ಕೆ, ಕರೆದಾಗಲೆಲ್ಲ ಕೋರ್ಟಿಗೆ ಬಂದರೆ ಕೇಸು ಮುಗಿದ ಮೇಲೆ ವಾಪಸ್ಸು, ಒಂದು ಸಲ ತಪ್ಪಿದರೂ ಹೋಯಿತು. ಅವಳು ಹಟ್ಟಿಯ ಕುರಿ, ಟಗರು ಅಷ್ಟನ್ನೂ ಹೊಡಕೊಂಡು ಹಿರಿಯೂರು ಸಂತೆಗೆ ನಡೆದಳು, ವ್ಯಾಪಾರಿ ಟವೆಲ್ಲಿನ ಕೆಳಗೆ ಅವಳ ಬೆರಳು ಹಿಡಿದು ದರ ಹೇಳಿದ, ಏನವ್ವ, ಒಂದೂ ಉಳಿಸ್ಕಳಲ್ವಾ, ಅವಳು ಕೈ ಎಳಕೊಳ್ಳಲಿಲ್ಲ. ದುಡ್ಡು ಹರೀಶನ ಕೈಲಿ ಕಟ್ಟಿಸಿದಳು, ತಮ್ಮನ್ನ ಬಿಟ್ಟರು. ಕೋರ್ಟಿನಲ್ಲಿ ಹರೀಶನ ರೂಮಿನ ವಿಳಾಸ ಬರೆಸಿದ, ಹನ್ನೆರಡು ದಿನ ಇದ್ದ, ಹಳೇ ಧಣಿ ಮಂದೆ ಗುಡ್ಡ ಹತ್ತುತ್ತೆ ಬಾ ಅಂದನಂತೆ, ಹೋದ, ಹುಲ್ಲು ಮುಗಿದಲ್ಲಿಂದ ಹುಲ್ಲಿದ್ದಲ್ಲಿಗೆ. ಜಾಗ ಬದಲಾದ್ರೆ ಕೋರ್ಟಿಗೆ ಬರೆದು ತಿಳಿಸಬೇಕು ಕಣಲೇ ಅಂತ ಹರೀಶ ಹೇಳಿದ್ದ, ಇವನು ಹ್ಞೂಂ ಅಂದಿದ್ದ, ಆದರೆ ಮಂದೆ ಹೊರಡೋದನ್ನ ಯಾರು ಬರೆದು ತಿಳಿಸ್ತಾರೆ, ಅಪ್ಪ ಆರಾರು ತಿಂಗಳು ಕುರಿ ಹಿಂದೆ ಹೋದಾಗ ಯಾರಿಗೆ ಬರೆದಿದ್ದ, ಕೇಳಿದರೆ ದಾರಿಯವರೇ ಹೇಳೋರು, ನಿನ್ನೆ ಕೆರೆ ಏರಿ ದಾಟಿದ್ರು ಅಂತ. ಹರೀಶ ಇಪ್ಪತ್ತು ದಿನ ಲಾರಿ ಮೇಲೆ. ರೂಮಿನ ಮುಂದಿನ ಟಪಾಲಿನ ತಗಡಿನ ಡಬ್ಬಿಯಲ್ಲಿ ಕೋರ್ಟಿನ ಕಾಗದ ಬಿದ್ದಿತ್ತು, ತಾರೀಖು ಬಂತು, ಹೋಯಿತು, ಕಾಗದ ಅಲ್ಲೇ ಇತ್ತು. ಅವಳು ಆ ಡಬ್ಬಿ ನೋಡಿದವಳಲ್ಲ, ಆದರೂ ಕಣ್ಣು ಮುಚ್ಚಿದರೆ ಅದೇ, ತೆಗೆದರೂ ಅದೇ. ಫೋನಿನಲ್ಲೇ ಕೇಳಿದ್ದಳು, ಇನ್ನೊಂದು ಬಾಂಡು ಕೇಳಾಣ ಹರೀಶ, ಕೊಡಲ್ಲಕ್ಕಾ, ಊರಿಗೆ ಯಾವಾಗ ಕಳಿಸ್ತಾರೆ, ಗೊತ್ತಿಲ್ಲಕ್ಕಾ, ಈಗ ಎಲ್ಲವ್ನೆ, ಅದೂ ಹೇಳ್ತಿಲ್ಲ. ಎಲ್ಲಿಗಮ್ಮ ಅಂತ ಕಂಡಕ್ಟರ್ ಎರಡನೇ ಸಲ ಕೇಳುತ್ತಿದ್ದಾನೆ, ಅವಳು ಮನಸ್ಸಲ್ಲೇ ಎಣಿಸುತ್ತಿದ್ದಾಳೆ, ತಗಡಿನ ಡಬ್ಬಿ, ಒಳಗೆ ಒಡೆಯದ ಕಾಗದ, ಕುರಿ ಮೂವತ್ತೆಂಟು, ಟಗರು ಎರಡು, ತಮ್ಮ ಒಬ್ಬ.