ಮಾರ್ಗವ್ವನ ಕಾಗದ

"ಓದವ್ವ, ಇನ್ನೊಂದ್ ಸಲ ಓದು. ಆ ದೋಣಿ ಮೇಲಕ್ಕೆ ಹತ್ತೋ ಕಡೆಯಿಂದ," ಎಂದ ಜವರಯ್ಯ.

ಶೋಭಿತಾ ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿದಳು. ತಾನು ಕೆಲಸಕ್ಕಿದ್ದ ಹೋಮ್‌ಸ್ಟೇಯ ಜಗಲಿಯಲ್ಲಿ ಅವಳು ಕುರ್ಚಿ ಹಾಕಿಕೊಂಡು ಕೂತಿದ್ದಳು. ಎಷ್ಟು ಹೇಳಿದರೂ ಕೂರದೆ ಜವರಯ್ಯ ಮೆಟ್ಟಿಲ ಕೆಳಗೇ ನಿಂತಿದ್ದ. ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಅವನು ಹಾರಂಗಿ ನಾಲೆಯ ನೀರುಗಂಟಿ. ಯಾವ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಎಂದು ನೋಡಿಕೊಂಡು ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಏರಿಯ ಮೇಲೆ ಶಿರಂಗಾಲದ ತನಕ ದಿನಾ ಸೈಕಲ್ ತುಳಿದವನು, ಕ್ಯಾರಿಯರ್‌ನಲ್ಲಿ ಗುದ್ದಲಿ ಕಟ್ಟಿಕೊಂಡು.

"ನಮ್ಮ ಕಡೆ ನಾಲೆಯಲ್ಲಿ ದೋಣಿ ಓಡಾಡ್ತವೆ," ಶೋಭಿತಾ ಇಂಗ್ಲಿಷನ್ನು ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋದಳು. "ದಿಣ್ಣೆ ಬಂದ್ರೆ ದೋಣೀನ ಎರಡು ಬಾಗಿಲ ಮಧ್ಯೆ ನಿಲ್ಲಿಸಿ ನೀರು ತುಂಬಿಸ್ತಾರೆ. ನೀರು ಏರಿದ ಹಾಗೆ ದೋಣೀನೂ ಏರುತ್ತೆ. ದಡದುದ್ದಕ್ಕೂ ಸೈಕಲ್ ದಾರಿ, ದೊಡ್ಡ ದೊಡ್ಡ ಮರ. ದಾರೀಲಿ ಹಳೇ ಊರುಗಳು, ಕೋಟೆ, ಕಲ್ಲಿನ ಸೇತುವೆ. ನೀನು, ನಾನು, ನನ್ನ ಗಂಡ ಮೂರೂ ಜನ ತುಳ್ಕೊಂಡು ಹೋಗೋಣ. ಸಾಯಂಕಾಲ ಯಾವ ಊರು ಸಿಗುತ್ತೋ ಅಲ್ಲೇ ಉಳಿಯೋಣ."

"ಆ ನೀರ ಗದ್ದೆಗೆ ಬಿಡಕಿಲ್ವಾ?"

"ಇಲ್ವಂತೆ."

"ಹಂಗಾರೆ ನೀರುಗಂಟಿಗೇನು ಕೆಲ್ಸ?" ಜವರಯ್ಯನಿಗೆ ಇದು ನಿಜವಾಗಿಯೂ ತಲೆ ತಿನ್ನುವ ಪ್ರಶ್ನೆಯಾಯಿತು. "ಅದ್ನೂ ಕೇಳಿ ಬರ್ದು ಹಾಕವ್ವ ಮಾರ್ಗವ್ವಂಗೆ."

ಒಳಗೆ ಕಿಟಕಿಯ ಪರದೆಯ ಹಿಂದೆ ಯಾರೋ ಕೆಮ್ಮಿದ ಹಾಗಾಯಿತು. ಕೆಮ್ಮೂ ಅಲ್ಲ, ಏನೂ ಅಲ್ಲ. ಹೋಮ್‌ಸ್ಟೇಯ ಮಾಲೀಕ ಕೀರ್ತಿಕುಮಾರ್ ಮತ್ತು ಅವನ ಗೆಳೆಯ ಸಿದ್ದಣ್ಣ ಬಾಯಿಗೆ ಕರ್ಚೀಫು ತುರುಕಿಕೊಂಡು ನಗುತ್ತಿದ್ದರು. ಆ ಕಾಗದ ಫ್ರಾನ್ಸಿನಿಂದ ಬಂದದ್ದಲ್ಲ. ಹಿಂದಿನ ದಿನ ಮಧ್ಯಾಹ್ನ ಅದೇ ಹೋಮ್‌ಸ್ಟೇಯ ಆಫೀಸಿನಲ್ಲಿ ಕೂತು ಶೋಭಿತಾಳೇ ಬರೆದದ್ದು.

ಜವರಯ್ಯ ಮಾರ್ಗವ್ವ ಎನ್ನುವ ಮಾರ್ಗೋ ಎಂಬ ಫ್ರೆಂಚ್ ಹೆಂಗಸು ಇದ್ದದ್ದೇನೋ ನಿಜ. ಡಿಸೆಂಬರಿನಲ್ಲಿ ಗಂಡನ ಜೊತೆ ಬಂದು ಒಂದು ವಾರ ಇಲ್ಲೇ ಉಳಿದಿದ್ದಳು. ಅರವತ್ತು ದಾಟಿದ ನಿವೃತ್ತ ಟೀಚರು, ಗಂಡ ಹೆಂಡತಿ ಇಬ್ಬರಿಗೂ ಸೈಕಲ್ ಹುಚ್ಚು. ಕೀರ್ತಿಕುಮಾರನಿಗೆ ಅಷ್ಟೇ ಸಾಕಾಯಿತು. ಭಾನುವಾರಕ್ಕೊಮ್ಮೆ ಬಿಗಿ ಚಡ್ಡಿ ತೊಟ್ಟು ಸೈಕಲ್ ಹೊಡೆಯುವ ಕುಶಾಲನಗರದ ದೊಡ್ಡ ಮನುಷ್ಯರ ಕ್ಲಬ್ಬಿಗೆ ಅವನೇ ಅಧ್ಯಕ್ಷ. ಅವನ ಸೈಕಲ್ಲೆಂದರೆ ಸಾಮಾನ್ಯವೇ? ಒಂದು ಬೆರಳಲ್ಲಿ ಎತ್ತಬಹುದು. ಅದನ್ನು ಎತ್ತಿ ತೋರಿಸದೆ ಅವನು ಯಾರನ್ನೂ ಮನೆಗೆ ಕಳಿಸಿದವನಲ್ಲ. ಆ ಫ್ರೆಂಚರನ್ನು ಕರೆದುಕೊಂಡು ಏರಿಯ ಮೇಲೆ ಹೊರಟಾಗ, ಎದುರುಗಾಳಿಯಲ್ಲಿ, ಗುದ್ದಲಿ ಕಟ್ಟಿದ ಹಳೇ ಸೈಕಲ್ಲಿನಲ್ಲಿ, ಲುಂಗಿ ಎತ್ತಿ ಕಟ್ಟಿದ ಜವರಯ್ಯ ಹಿಂದಿನಿಂದ ಬಂದು "ಸ್ವಲ್ಪ ಜಾಗ ಬುಡಿ ಸಾಮಿ, ತೂಬ್ ಇಳಿಸ್ಬೇಕು" ಎಂದು ಎಲ್ಲರನ್ನೂ ದಾಟಿ ಹೋಗಿಬಿಟ್ಟ.

ಮಾರ್ಗೋ ಕೇಕೆ ಹಾಕಿ ನಕ್ಕಳು. ಮಾರನೆಯ ದಿನದಿಂದ ಕ್ಲಬ್ಬನ್ನು ಬಿಟ್ಟು ಜವರಯ್ಯನ ಜೊತೆ ತೂಬಿನಿಂದ ತೂಬಿಗೆ ತುಳಿದಳು. ಹೊರಡುವ ದಿನ ಅವನ ಎರಡೂ ಕೈ ಹಿಡಿದು, "ನಮ್ಮೂರಿನ ನಾಲೆಗೂ ನೀನು ಬರಬೇಕು, ಕಾಗದ ಬರೀತೀನಿ," ಎಂದಿದ್ದಳು. ಅದನ್ನು ಕನ್ನಡಕ್ಕೆ ಹೇಳಿದವಳು ಶೋಭಿತಾ. ಪಕ್ಕದಲ್ಲಿ ಹುಳ್ಳಗೆ ಮುಖ ಮಾಡಿಕೊಂಡು ನಿಂತು ಕೇಳಿಸಿಕೊಂಡವನು ಕೀರ್ತಿಕುಮಾರ್.

"ಬರೀತಾಳಂತೆ ಕಾಗದ!" ಎಂದ ಅವನು ಜನವರಿಯಲ್ಲಿ. "ಅವಳು ಬರೀದಿದ್ರೆ ನಾವು ಬರೀಬೇಕಪ್ಪ. ಪಾಪ, ಕಾಯ್ತಿರ್ತಾನೆ. ಏನಮ್ಮ ಶೋಭಿತಾ, ನಿನ್ನ ಇಂಗ್ಲಿಷ್ ಯಾವಾಗ ಉಪಯೋಗಕ್ಕೆ ಬರೋದು?"

ಸುಳ್ಳು ಯಾಕೆ ಹೇಳಬೇಕು, ಶೋಭಿತಾಳಿಗೂ ಮೊದಮೊದಲು ಮಜವೇ ಆಗಿತ್ತು. ಬುಕಿಂಗು, ಬಿಸಿನೀರು, ವೈಫೈ ಪಾಸ್‌ವರ್ಡು ಎಂದು ಬೆಳಗಿನಿಂದ ಸಂಜೆ ತನಕ ಸವೆಯುವವಳಿಗೆ ಫ್ರಾನ್ಸಿನ ನಾಲೆಗಳ ಬಗ್ಗೆ ಹುಡುಕಿ ಓದುವುದು, ಮಾರ್ಗೋ ಆಗಿ ಬರೆಯುವುದು ಹಿತವಾಗಿತ್ತು. ಅವಳು ಬರೆದ ಊರು, ಸೇತುವೆ, ದೋಣಿ ಒಂದೂ ಸುಳ್ಳಲ್ಲ. ಕರೆದದ್ದು ಮಾತ್ರ ಸುಳ್ಳು. ಮೂರನೆಯ ಕಾಗದದ ಹೊತ್ತಿಗೆ ಜವರಯ್ಯ ಮೈಸೂರಿಗೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬಂದಿದ್ದ. ಪೊಲೀಸಿನವರು ವಿಚಾರಣೆಗೆಂದು ಮನೆಗೆ ಬಂದಾಗ ಬೀದಿಗೆ ಬೀದಿಯೇ ಸೇರಿ, "ಜವರಯ್ಯ ಫ್ರಾನ್ಸಿಗೆ ಹೋಯ್ತವ್ನೆ" ಎಂದಿತು. ಅವನ ಹೆಂಡತಿ ಹೊನ್ನಮ್ಮ ಹುರಿಹಿಟ್ಟು ಮಾಡಿ ಡಬ್ಬಿಗೆ ತುಂಬಿಟ್ಟಳು. ಅವಳ ಗಂಡ ಅಲ್ಲಿ ಅನ್ನ ಸಿಗದೆ ಒಣಗಬಾರದು.

"ಸಾರ್, ಇನ್ನು ಸಾಕು. ಹೇಳಿಬಿಡೋಣ," ಎಂದಳು ಶೋಭಿತಾ ಒಂದು ದಿನ.

"ಹೇಳೋದೇ. ಎಲ್ಲದಕ್ಕೂ ಒಂದು ದಿನ ಅಂತ ಇರುತ್ತಲ್ಲ," ಎಂದ ಕೀರ್ತಿಕುಮಾರ್. ಅಷ್ಟರಲ್ಲಿ ಅವನು ಇನ್ನೊಂದು ಹಿಕಮತ್ತು ಮಾಡಿದ್ದ. ಮಾರ್ಗೋಳ ಫೋಟೋವನ್ನು ಫೋನಿನ ಯಾವುದೋ ಆ್ಯಪಿಗೆ ಹಾಕಿ, ಅವಳೇ ತುಟಿ ಅಲ್ಲಾಡಿಸಿ "ಜವರಯ್ಯಾ, ಬೇಗ ಬಾ" ಎಂದು ಕನ್ನಡದಲ್ಲಿ ಕರೆಯುವ ವಿಡಿಯೋ. ಅದನ್ನು ನೋಡಿ ಜವರಯ್ಯನ ಕಣ್ಣಲ್ಲಿ ನೀರು ಬಂತು. "ನಂಗೋಸ್ಕರ ಕನ್ನಡ ಕಲ್ತವ್ಳೆ ಕಣವ್ವ," ಎಂದ. ಶೋಭಿತಾ ವಿಡಿಯೋವನ್ನು ಅವನಿಗೆ ಇನ್ನೊಂದು ಸಲ ಹಾಕಿ ತೋರಿಸಿದಳು.

ಕೀರ್ತಿಕುಮಾರ್ ಹೇಳಿದ ಆ ಒಂದು ದಿನ ಏಪ್ರಿಲ್ ಒಂದು. ಬೀಳ್ಕೊಡುಗೆ ಸಮಾರಂಭ ಎಂದು ಹೋಮ್‌ಸ್ಟೇಯ ಹುಲ್ಲುಹಾಸಿನ ಮೇಲೆ ಶಾಮಿಯಾನ ಹಾಕಿಸಿದ್ದರು. ಬ್ಯಾನರಿನಲ್ಲಿ ಜವರಯ್ಯ, ಅವನ ಹಿಂದೆ ಫ್ರಾನ್ಸಿನ ನಾಲೆ. ಕ್ಲಬ್ಬಿನ ನಲವತ್ತು ಜನ ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ಪುಟ್ಟ ಮಕ್ಕಳಿಗೂ ವಿಷಯ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜವರಯ್ಯ ಮತ್ತು ಮುಡಿ ತುಂಬ ಕನಕಾಂಬರ ಮುಡಿದ ಹೊನ್ನಮ್ಮ. ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಜವರಯ್ಯ ಮೈಕಿನ ಮುಂದೆ ನಿಂತು, "ನಾನು ಓದ್ದೋನಲ್ಲ. ತಪ್ಪು ಒಪ್ಪು ಆದ್ರೆ ನಮ್ಮೂರ ಮಾನ ಹೋಯ್ತದೆ ಅಂತ ಭಯ ಆಯ್ತದೆ. ಉಸಾರಾಗಿ ನಡ್ಕತೀನಿ," ಎಂದ. ಚಪ್ಪಾಳೆಯೋ ಚಪ್ಪಾಳೆ.

"ಈಗ ಮಾರ್ಗೋ ಅವರ ಕೊನೇ ಪತ್ರ," ಎಂದು ಕೀರ್ತಿಕುಮಾರ್ ಶೋಭಿತಾಳ ಕೈಗೆ ಮೈಕು ಕೊಟ್ಟ.

ಅವಳು ಕಾಗದ ಬಿಡಿಸಿದಳು. ಈ ಸಲ ಅದನ್ನು ಬರೆದವನು ಕೀರ್ತಿಕುಮಾರನೇ. ಎರಡೇ ಸಾಲು ಇತ್ತು. ಓದದೆ ಮೈಕನ್ನು ಕೆಳಗಿಟ್ಟು ಹೋಗಬಹುದಿತ್ತು. ಯಾರೂ ಅವಳನ್ನು ಕಟ್ಟಿ ಹಾಕಿರಲಿಲ್ಲ. ಓದಿದಳು. "ಪ್ರೀತಿಯ ಜವರಯ್ಯ, ಇವತ್ತು ಏಪ್ರಿಲ್ ಒಂದನೇ ತಾರೀಕು. ನಿನ್ನ ಜಾಗದಲ್ಲಿ ನಿನ್ನ ಗುದ್ದಲೀನ ಫ್ರಾನ್ಸಿಗೆ ಕಳಿಸು."

ಶಾಮಿಯಾನ ಹಾರಿಹೋಗುವ ಹಾಗೆ ನಕ್ಕರು. ಸಿದ್ದಣ್ಣ ಕುರ್ಚಿಯಿಂದ ಜಾರಿ ಬಿದ್ದು ನಕ್ಕ. ಫೋನಿನಲ್ಲಿ ಮಾರ್ಗೋಳ ಬಾಯಿ ಅಲ್ಲಾಡಿಸಿದ್ದು ಹೇಗೆ ಎಂದು ಕೀರ್ತಿಕುಮಾರ್ ಎಲ್ಲರಿಗೂ ಮಾಡಿ ತೋರಿಸಿದ. ಹೊನ್ನಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಜವರಯ್ಯ ಎಲ್ಲರ ನಂತರ, ಸ್ವಲ್ಪ ತಡವಾಗಿ, ತಾನೂ ನಕ್ಕ. ಪೇಟ ತೆಗೆದು ಎರಡೂ ಕೈಯಲ್ಲಿ ಹಿಡಿದು, "ಇದ್ನ ಯಾರಿಗ್ ಕೊಡ್ಬೇಕು?" ಎಂದು ಕೇಳಿದ.

"ಬೇಜಾರ್ ಮಾಡ್ಕೋಬೇಡ ಕಣಯ್ಯ, ತಮಾಷೆಗೆ," ಎಂದು ಕೀರ್ತಿಕುಮಾರ್ ಅವನ ಬೆನ್ನು ತಟ್ಟಿದ.

"ಇಲ್ಲ ಬುಡಿ ಸಾರ್," ಎಂದ. ಗೇಟಿನ ತನಕ ಹೋದವನು ತಿರುಗಿ ಬಂದು ಶೋಭಿತಾಳನ್ನು ಮೆಲ್ಲಗೆ ಕೇಳಿದ. "ಎಲ್ಲಾ ನೀನೇ ಬರ್ದಿದ್ದೇನವ್ವ? ಆ ದೋಣಿ ಹತ್ತೋದೂವೇ?"

"ದೋಣಿ ನಿಜ ಜವರಣ್ಣ. ಅಲ್ಲಿ ನಿಜವಾಗ್ಲೂ ಹತ್ತುತ್ತೆ."

"ಹೂಂ," ಎಂದು ಅವನು ನಕ್ಕ. ಅವಳ ಮಾತನ್ನು ನಂಬಿದ ನಗು ಅದಾಗಿರಲಿಲ್ಲ.

ಆಮೇಲೆ ಅವನು ಹೋಮ್‌ಸ್ಟೇಯ ಮುಂದಿನ ದಾರಿಯನ್ನೇ ಬಿಟ್ಟ. ಊರಿನವರು "ಏನ್ ಫ್ರಾನ್ಸಣ್ಣ" ಎಂದು ಕರೆಯುತ್ತಿದ್ದರು. ಕರೆದರೆ ಓಗೊಡುತ್ತಿದ್ದನಂತೆ.

ಜುಲೈಯಲ್ಲಿ ನಾಲೆಗೆ ನೀರು ಬಿಟ್ಟ ವಾರ ಪೋಸ್ಟ್‌ಮ್ಯಾನ್ ಬಂದು ಶೋಭಿತಾಳ ಮೇಜಿನ ಮೇಲೆ ದಪ್ಪನೆಯ ಲಕೋಟೆಯೊಂದನ್ನು ಇಟ್ಟು ಹೋದ. ಹೋಮ್‌ಸ್ಟೇಯ ವಿಳಾಸ, ಜವರಯ್ಯನ ಹೆಸರು, ಫ್ರಾನ್ಸಿನ ಅಂಚೆಚೀಟಿ. ಅವಳು ಅಲ್ಲೇ ಅದನ್ನು ಒಡೆದಳು. ಒಳಗೆ ಏರಿಯ ಮೇಲೆ ಸೈಕಲ್ ತುಳಿಯುತ್ತಿರುವ ಜವರಯ್ಯನ ದೊಡ್ಡ ಫೋಟೋ, ಎರಡು ಪುಟದ ಕಾಗದ. ಗಂಡನಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಬರೆಯುವುದು ಇಷ್ಟು ತಡವಾಯಿತು, ಕ್ಷಮಿಸು. ನಮ್ಮೂರಿನ ಸೈಕಲ್ ಬಳಗದವರೆಲ್ಲ ಸೇರಿ ನಿನ್ನ ವಿಮಾನದ ಟಿಕೆಟ್ಟು ತೆಗೆಸುತ್ತೇವೆ. ಸೆಪ್ಟೆಂಬರಿನಲ್ಲಿ ಹತ್ತು ದಿನ ನಾಲೆಯ ದಾರಿಯಲ್ಲಿ ಹೋಗೋಣ. ವೀಸಾಕ್ಕೆ ಬೇಕಾದ ಪತ್ರ ಇದರಲ್ಲೇ ಇದೆ. ಇದೇ ತಿಂಗಳಲ್ಲಿ ಪಾಸ್‌ಪೋರ್ಟ್ ನಂಬರ್ ಕಳಿಸಬೇಕು. ಕೊನೆಯಲ್ಲಿ ಫೋನ್ ನಂಬರ್ ಇತ್ತು.

ಶೋಭಿತಾ ಯಾರನ್ನೂ ಕೇಳಲಿಲ್ಲ. ಸ್ಕೂಟಿ ಹತ್ತಿ ಸೀದಾ ಏರಿಗೆ ಹೋದಳು. ಪಾಸ್‌ಪೋರ್ಟ್ ಹೇಗೂ ಇದೆ, ದೇವರು ದೊಡ್ಡವನು, ಎಲ್ಲ ಸರಿಹೋಗುತ್ತದೆ ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ನಾಲ್ಕನೆಯ ತೂಬಿನ ಹತ್ತಿರ ಜವರಯ್ಯ ನೀರಿಗೆ ಅಡ್ಡ ಸಿಕ್ಕಿದ್ದ ಕಸ ತೆಗೆಯುತ್ತಿದ್ದ. ಅವಳು ಸ್ಕೂಟಿ ನಿಲ್ಲಿಸಿ, ಮೊದಲಿನಿಂದ ಕೊನೆಯ ತನಕ ಓದಿ ಹೇಳಿದಳು. ಅವನು ಕೈಕೆಲಸ ಬಿಡದೆ ಕೇಳಿದ.

"ಈ ಸಲ ಸ್ಟಾಂಪೂ ಅಂಟ್ಸವ್ರಲ್ಲ," ಎಂದ.

"ನಿಜ ಜವರಣ್ಣ! ನನ್ನ ತಾಯಾಣೆಗೂ ನಿಜ."

"ಹೆತ್ತೋಳ ಮೇಲೆ ಆಣೆ ಇಡಬ್ಯಾಡ ಕಣವ್ವ," ಎಂದ ಜವರಯ್ಯ, ತುಸು ಗಾಬರಿಯಾಗಿ. "ಇಷ್ಟಕ್ಕೆಲ್ಲ ಯಾಕೆ?"

ಅವಳಿಗೆ ಅಳು ಬಂತು. ಫೋನ್ ತೆಗೆದು ಕಾಗದದಲ್ಲಿದ್ದ ನಂಬರಿಗೆ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಆಗ ತಾನೇ ಬೆಳಗಾಗಿರಬೇಕು. ಕೆದರಿದ ಬಿಳಿ ಕೂದಲಿನ ಮಾರ್ಗೋ ಪರದೆಯ ಮೇಲೆ ಕಾಣಿಸಿದಳು. ಶೋಭಿತಾ ಫೋನನ್ನು ಜವರಯ್ಯನ ಮುಖದ ಮುಂದೆ ಹಿಡಿದಳು.

"ಜವಾರಯಾ! ಜವಾರಯಾ!" ಎಂದು ಮಾರ್ಗೋ ಕೂಗಿದಳು.

ಜವರಯ್ಯ ಬಗ್ಗಿ ನೋಡಿದ. "ಹೋದ್ ಸಲಕ್ಕಿಂತ ಚೆನ್ನಾಗ್ ಮಾಡವ್ರೆ. ತಲೆನೂ ಅಲ್ಲಾಡ್ತದೆ," ಎಂದ.

"ಅಯ್ಯೋ, ಇದು ಅವರೇ! ಈಗ ಮಾತಾಡ್ತಿದ್ದಾರೆ. ಏನಾದ್ರೂ ಕೇಳಿ ನೋಡಿ, ಉತ್ತರ ಹೇಳ್ತಾರೆ."

"ಏನ್ ಹೇಳುದ್ಲು ಅಂತ ನಂಗೆ ಹೇಳೋಳು ನೀನೇ ತಾನೆ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಕಾಲು ಹಿಡಿಯುತ್ತಿದ್ದಳು. ಅವನು ಅವಳನ್ನು ಕನಿಕರದಿಂದ ನೋಡಿದ. "ನಿಂಗೂ ಕಷ್ಟ ಕಣವ್ವ. ಸಂಬಳದೋಳು, ಅವ್ರ್ ಹೇಳಿದ್ ಮಾಡ್ಬೇಕು. ಎಲ್ಲವ್ರೆ ಸಾಹೇಬ್ರು? ಆ ಮರದ್ ಹಿಂದ್ಗಡೆನಾ?"

"ಯಾರೂ ಇಲ್ಲ ಜವರಣ್ಣ. ನಾನೊಬ್ಳೇ ಬಂದಿದ್ದೀನಿ."

"ಆಯ್ತು ಆಯ್ತು," ಎಂದು ಅವನು ಕೈಯ ಕೆಸರನ್ನು ಲುಂಗಿಗೆ ಒರೆಸಿಕೊಂಡ. ಮಕ್ಕಳ ಆಟಕ್ಕೆ ಒಪ್ಪಿಕೊಂಡ ದೊಡ್ಡವರ ಹಾಗೆ ಫೋನಿನ ಮುಂದೆ ನೆಟ್ಟಗೆ ನಿಂತು ಕೈ ಮುಗಿದ. ಮರದ ಹಿಂದೆ ಯಾರಾದರೂ ಇದ್ದರೆ ಅವರಿಗೂ ಕೇಳಿಸಲಿ ಎಂದು ಗಟ್ಟಿಯಾಗಿ ಹೇಳಿದ. "ಬತ್ತೀನವ್ವ! ಮಾರ್ಗವ್ವ, ಖಂಡಿತ ಬತ್ತೀನಿ!"

ಅವನು ಕೈ ಮುಗಿದದ್ದನ್ನೂ ಹಲ್ಲು ಬಿಟ್ಟದ್ದನ್ನೂ ನೋಡಿ ಮಾರ್ಗೋ ತನಗೆ ಬೇಕಾದಷ್ಟನ್ನು ಅರ್ಥ ಮಾಡಿಕೊಂಡಳು. ಚಪ್ಪಾಳೆ ತಟ್ಟಿದಳು. ಗಂಡನನ್ನು ಕೂಗಿ ಕರೆದಳು. ಮಂಡಿಗೆ ಪಟ್ಟಿ ಸುತ್ತಿದ ಕಾಲನ್ನು ಎಳೆದುಕೊಂಡು ಬಂದ ಅವನೂ ಕೈ ಬೀಸಿದ. ಅವಳು ಕಣ್ಣೊರೆಸಿಕೊಳ್ಳುತ್ತ ಗಂಡನಿಗೆ ಏನೇನೋ ಹೇಳುತ್ತಿದ್ದಳು. ನಾಲಿಗೆ ಕಿತ್ತು ಬಿಸಾಡಬೇಕು ಅನ್ನಿಸಿತು ಶೋಭಿತಾಳಿಗೆ, ಅಷ್ಟು ನಾಚಿಕೆಯಾಯಿತು.

ಜವರಯ್ಯ ಮುಗಿದ ಕೈ ಇಳಿಸದೆ ಮರದ ಕಡೆಗೇ ನೋಡುತ್ತಿದ್ದ. ಯಾರೂ ಹೊರಗೆ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದ.

"ಸಾಕಾ?" ಎಂದು ಶೋಭಿತಾಳನ್ನು ಕೇಳಿದ.

ಅವಳು ಫೋನ್ ಇಳಿಸಿದಳು. ಅವನು ಟವೆಲನ್ನು ತಲೆಗೆ ಬಿಗಿದುಕೊಂಡು ತೂಬಿನ ಮೆಟ್ಟಿಲಿಳಿದು, ಮೊಣಕಾಲುದ್ದದ ನೀರಿನಲ್ಲಿ ನಿಂತು, ಉಳಿದ ಕಸವನ್ನು ಎಳೆಯತೊಡಗಿದ.