ಹೈ ಡೆಫಿನಿಷನ್ನಿನಲ್ಲಿ ಬೀಗರ ಸಿಳ್ಳೆ

ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವನನ್ನು ಬೀದಿಯವರೆಲ್ಲ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಮಸುಕು ಅಂದರೆ ಅವನಿಗೆ ಆಗುತ್ತಿರಲಿಲ್ಲ, ಅಷ್ಟೇ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಕನ್ನಡಕ ಕೊಳೆಯಾಗಿದ್ದರೆ ಒಂದು ಮಾತೂ ಕೇಳದೆ ತೆಗೆದು, ಒರೆಸಿ, ಮತ್ತೆ ಅವರ ಮೂಗಿನ ಮೇಲೆ ಕೂರಿಸಿಬಿಡುವ ಆಸಾಮಿ. ಹಾಗಾಗಿ ಮಾವ ಟೀವಿಯಲ್ಲಿ ಬರುತ್ತಾರೆಂದು ಗೊತ್ತಾದಾಗ, ಅದನ್ನು ಹೈ ಡೆಫಿನಿಷನ್ನಿನಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆಂದು ಅವನು ಪಣ ತೊಟ್ಟಿದ್ದರಲ್ಲಿ ಮನೆಯವರಿಗೆ ಆಶ್ಚರ್ಯವಾಗಲಿಲ್ಲ.

ಮಾವ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಪೀಪಿಯನ್ನು ಇಲಾಖೆಗೆ ಒಪ್ಪಿಸಿದ ಮರುದಿನದಿಂದ ಬಾಯಲ್ಲೇ ಸಿಳ್ಳೆ ಶುರು ಹಚ್ಚಿಕೊಂಡರು. ಹಳೆಯ ಹಾಡು, ಹೊಸ ಹಾಡು, ಸೋಪಿನ ಜಾಹೀರಾತಿನ ರಾಗ, ಏನು ಸಿಕ್ಕರೂ ಆಗುತ್ತಿತ್ತು. ದಿನಾ ಬೆಳಿಗ್ಗೆ ಮಗಳ ಮನೆಗೆ ಚಹಾ ಕುಡಿಯಲು ಬರುವಾಗ ಅವರಿಗಿಂತ ಮೊದಲು ಅವರ ಸಿಳ್ಳೆ ಮೆಟ್ಟಿಲು ಹತ್ತಿ ಬರುತ್ತಿತ್ತು.

ಆ ಸಿಳ್ಳೆಗೆ ಬಾಗಿಲಲ್ಲೇ ಎದುರಾಗುತ್ತಿದ್ದವರು ಭೂತಗನ್ನಡಿಯ ತಾಯಿ. ಅವರು ಗ್ರಂಥಾಲಯವೊಂದರಲ್ಲಿ ಕೆಲಸ ಮಾಡಿ, ಪಿಸುಗುಟ್ಟುವವರನ್ನು ಕಣ್ಣಲ್ಲೇ ಗದರಿಸಿ ಕೂರಿಸುತ್ತ ಆಯುಷ್ಯ ಕಳೆದ ಹೆಂಗಸು.

“ಬೀಗರೇ, ಇದು ಮನೆ. ಪ್ಲಾಟ್‌ಫಾರಂ ಅಲ್ಲ.”

“ಗೊತ್ತು ಬೀಗಿತ್ತಿಯೋರೇ. ಪ್ಲಾಟ್‌ಫಾರಂನಲ್ಲಿ ಇಷ್ಟು ಒಳ್ಳೇ ಟೀ ಸಿಗಲ್ಲ.”

ಹೀಗಿರುವಾಗ ಟೀವಿ ಚಾನೆಲ್ಲೊಂದು ಬಾಯಿಯಿಂದಲೇ ಸಂಗೀತ ನುಡಿಸುವವರ ಸ್ಪರ್ಧೆ ಏರ್ಪಡಿಸಿತು. ಮಾವ ಆಯ್ಕೆಯಾದರು. ಭಾನುವಾರ ಮಧ್ಯಾಹ್ನ ನೇರ ಪ್ರಸಾರ. ಮರುಪ್ರಸಾರ ಇಲ್ಲವೆಂದು ಚಾನೆಲ್‌ನವರು ಖಡಾಖಂಡಿತವಾಗಿ ಹೇಳಿದ್ದರು. ಮಗಳು ಜೊತೆಗೆ ಬರುತ್ತೇನೆಂದರೆ ಮಾವ ಒಪ್ಪಲಿಲ್ಲ.

“ನೀನು ಎದುರಿಗೆ ಕೂತ್ರೆ ನಂಗೆ ನಗು ಬರುತ್ತೆ ಕಣೇ. ನಗು ಬಂದ್ರೆ ತುಟಿ ಅಗಲ ಆಗುತ್ತೆ, ಸಿಳ್ಳೆ ಬರಲ್ಲ.” ಆಮೇಲೆ ಅಳಿಯನ ಕಡೆ ತಿರುಗಿದರು. “ಅಳಿಯಂದ್ರೇ, ನಾನು ಅಲ್ಲಿ ಊದ್ತಾ ಇರ್ತೀನಿ, ನನ್ನನ್ನ ನಾನೇ ನೋಡಕ್ಕಾಗಲ್ಲ. ನೀವು ಹಿಡಿದಿಡಿ.”

“ಚಿಂತೆ ಬಿಡಿ ಮಾವ. ಮೀಸೆ ಕೂದಲು ಒಂದೊಂದೂ ಬಿಡಿಬಿಡಿಯಾಗಿ ಕಾಣೋ ಹಾಗೆ ಹಿಡೀತೀನಿ.”

ಮರುದಿನವೇ ಊಟದ ಮೇಜಿನ ಮೇಲೆ ಕಂಪ್ಯೂಟರು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಟೀವಿ ಅಲೆಗಳನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವ ಟ್ಯೂನರ್ ಕಾರ್ಡೊಂದನ್ನು ತಂದು ಅದರೊಳಗೆ ಸಿಕ್ಕಿಸಿದ. ಮೀನಿನ ಮುಳ್ಳಿನಂತಿದ್ದ ಆಂಟೆನಾವನ್ನು ಫ್ರಿಜ್ಜಿನ ಮೇಲೆ ನಿಲ್ಲಿಸಿದ. ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು.

ಪರೀಕ್ಷೆಗೆಂದು ಮೊದಲು ರೆಕಾರ್ಡ್ ಮಾಡಿದ್ದು ಮೀನಿನ ತೊಟ್ಟಿ ತೊಳೆಯುವುದು ಹೇಗೆ ಎಂಬ ಕಾರ್ಯಕ್ರಮ. ಚಿತ್ರ ಎಷ್ಟು ನಿಚ್ಚಳವಾಗಿತ್ತೆಂದರೆ ಭೂತಗನ್ನಡಿ ಕುರ್ಚಿಯಿಂದ ಅರ್ಧ ಎದ್ದ.

“ಲೇ, ಬಾರೇ ಇಲ್ಲಿ! ಈ ಕೆಂಪು ಮೀನಿಗೆ ಎಡಗಣ್ಣಲ್ಲಿ ಪೊರೆ ಬಂದಿದೆ!”

“ಕನ್ನಡಕ ಮಾಡಿಕೊಡ್ತೀರಾ?” ಎಂದಳು ಹೆಂಡತಿ.

ಅಷ್ಟರಲ್ಲಿ ಚಿತ್ರ ಕೆಟ್ಟಿತು. ಹಳೆಯ ಟೀವಿಯಲ್ಲಾದರೆ ಸಿಗ್ನಲ್ ಇಳಿದಾಗ ಇರುವೆ ಮುತ್ತಿದಂತಾಗುತ್ತಿತ್ತು, ಆದರೂ ಹಿಂದೆ ಯಾರೋ ಇದ್ದಾರೆಂದು ತಿಳಿಯುತ್ತಿತ್ತು. ಇದರಲ್ಲಿ ಹಾಗಲ್ಲ. ಮೀನು, ತೊಟ್ಟಿ, ತೊಳೆಯುವವನು ಎಲ್ಲ ಸೇರಿ ಬಚ್ಚಲುಮನೆಯ ಟೈಲ್ಸ್ ಆಗಿಹೋದವು. ಭೂತಗನ್ನಡಿ ಆಂಟೆನಾ ಹೊತ್ತು ಮನೆಯೆಲ್ಲ ಅಲೆದ. ಅಟ್ಟದ ಮೇಲಿಟ್ಟ, ಬಟ್ಟೆ ಒಣಗಿಸುವ ಹಗ್ಗಕ್ಕೆ ನೇತುಹಾಕಿದ, ಕೊನೆಗೆ ಕಿಟಕಿಯ ಬಳಿ ಸ್ಟೂಲಿನ ಮೇಲೆ ನಿಲ್ಲಿಸಿದ. ಪರದೆಯ ಮೂಲೆಯಲ್ಲಿ ಸಿಗ್ನಲ್ ತೋರಿಸುವ ಪಟ್ಟಿ ಹಸಿರಿಗೆ ಏರಲು ಒಪ್ಪಲೇ ಇಲ್ಲ.

ಆಗ ತಾಯಿ ದೊಡ್ಡ ಸ್ಟೀಲ್ ತಟ್ಟೆಯೊಂದನ್ನು ಒರೆಸುತ್ತ ಕಿಟಕಿಯ ಬಳಿ ಬಂದರು. ಪಟ್ಟಿ ಟಣ್ಣನೆ ಮೇಲಕ್ಕೆ ಜಿಗಿಯಿತು.

“ಅಮ್ಮಾ! ಅಲ್ಲಾಡಬೇಡ!”

“ಏನೋ, ಮೈಮೇಲೆ ಹಲ್ಲಿ ಬಿತ್ತಾ?”

“ಇಲ್ಲಮ್ಮ, ಸಿಗ್ನಲ್ ಬಂತು!”

ತಟ್ಟೆಯನ್ನು ಕುರ್ಚಿಗೆ ಒರಗಿಸಿ ನೋಡಿದ, ಪಟ್ಟಿ ಇಳಿಯಿತು. ಹೆಂಡತಿಯ ಕೈಗೆ ಕೊಟ್ಟ; ಅರ್ಧಕ್ಕೆ ಬಂದು ನಿಂತಿತು. ತಾನೇ ಹಿಡಿದ, ಸೊನ್ನೆ. ತಾಯಿಯೇ ಬರಬೇಕು, ಕಿಟಕಿಗೆ ಓರೆಯಾಗಿ ನಿಲ್ಲಬೇಕು, ತಟ್ಟೆಯನ್ನು ಎದೆಗೆ ಆನಿಸಿಕೊಳ್ಳಬೇಕು. ಹಾಗಾದರೆ ಮಾತ್ರ ಮೀನಿನ ಪೊರೆ ಕೂಡ ಮಿಂಚುವಂಥ ಚಿತ್ರ.

ತಾಯಿಗೆ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

“ಅಂದ್ರೆ, ಆ ಮನುಷ್ಯ ಅಲ್ಲಿ ಸಿಳ್ಳೆ ಹೊಡೀತಾರೆ, ನಾನು ಇಲ್ಲಿ ಕಂಬದ ಹಾಗೆ ತಟ್ಟೆ ಹಿಡ್ಕೊಂಡು ನಿಂತಿರ್ಬೇಕು?”

ಸೊಸೆ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

“ಒಂದೇ ಒಂದು ಸಲ ಅಮ್ಮ.”

“ಆಯ್ತು. ಆದ್ರೆ ಆಮೇಲೆ ಒಂದು ತಿಂಗಳು ಈ ಮನೇಲಿ ಸಿಳ್ಳೆ ಕೇಳಿಸಬಾರ್ದು.”

ಮಾವನ ಪರವಾಗಿ ಭೂತಗನ್ನಡಿ ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಟ್ಟ.

ಭಾನುವಾರ ಬಂತು. ತಾಯಿ ಮುಖ ಗಂಟಿಕ್ಕಿಕೊಂಡು, ತಟ್ಟೆ ಹಿಡಿದು ಕಿಟಕಿಯ ಬಳಿ ನಿಂತರು. ಗಾಳಿಯ ಹೊಯ್ದಾಟ ಬೇಡವೆಂದು ಫ್ಯಾನು ಆರಿಸಲಾಗಿತ್ತು. ಪರದೆಯ ಮೇಲೆ ಮೊದಲು ಸ್ಪರ್ಧಿಯೊಬ್ಬ ತನ್ನ ಕೆನ್ನೆಗೆ ತಾನೇ ಬಡಿದುಕೊಂಡು ತಾಳ ಹಾಕಿದ. ಆಮೇಲೆ ಒಬ್ಬಳು ತನ್ನ ನಾಯಿಯೊಂದಿಗೆ ಬಂದಳು. ಅವಳು ರಾಗ ಎಳೆದರೆ ನಾಯಿ ಅದೇ ಶ್ರುತಿಯಲ್ಲಿ ಊಳಿಡುತ್ತಿತ್ತು. ಆನಂತರ ಮಾವ.

“ಅಪ್ಪ ಗುಂಡಿ ತಪ್ಪು ಹಾಕ್ಕೊಂಡಿದಾರೆ!” ಎಂದು ಹೆಂಡತಿ ಕೂಗಿದಳು.

“ಗುಂಡಿಯ ದಾರ ಕೂಡ ಕಾಣ್ತಿದೆ ನೋಡು,” ಎಂದ ಭೂತಗನ್ನಡಿ, ಧನ್ಯನಾದವನಂತೆ. ಮಾವ ಸಿಳ್ಳೆ ಶುರು ಮಾಡಿದಾಗ ಅವರ ತುಟಿಯಿಂದ ಹಾರುವ ಉಗುಳಿನ ಹನಿಗಳೂ ಸ್ಪಷ್ಟವಾಗಿ ಕಂಡವು. ಅವನ ಕಣ್ಣು ತುಂಬಿಬಂತು.

ಇದ್ದಕ್ಕಿದ್ದಂತೆ ಪಟ್ಟಿ ಮೇಲೆ ಕೆಳಗೆ ಕುಣಿಯತೊಡಗಿತು. ತಿರುಗಿ ನೋಡಿದರೆ ತಾಯಿಯ ಬಲಗಾಲು ತಾಳ ಹಾಕುತ್ತಿದೆ.

“ಅಮ್ಮಾ, ಕಾಲು!”

“ಇರುವೆ ಕಚ್ಚಿತು ಕಣೋ,” ಎಂದು ತಾಯಿ ಮುಖ ಆಚೆ ತಿರುಗಿಸಿದರು.

ಹಾಡು ಮುಗಿದು ಚಪ್ಪಾಳೆ ಬಿತ್ತು. ನಿರೂಪಕಿ ಇನ್ನೊಂದು ಹಾಡು ಕೇಳಿದಳು. ಮಾವ ಗಂಟಲು ಸರಿಮಾಡಿಕೊಂಡರು.

“ನಮ್ಮ ಬೀಗಿತ್ತಿಯೋರು ಒಬ್ರಿದಾರೆ. ಇವತ್ತಿನವರೆಗೂ ನನ್ನ ಸಿಳ್ಳೆ ಪೂರ್ತಿ ಕೇಳಿದೋರಲ್ಲ. ಆದ್ರೆ ಬೆಳಿಗ್ಗೆ ಪಾತ್ರೆ ಒರೆಸ್ತಾ ಅವ್ರೇ ಒಂದು ಹಾಡು ಗುನುಗ್ತಾರೆ, ಯಾರಿಗೂ ಕೇಳಿಸಲ್ಲ ಅಂದ್ಕೊಂಡು. ನಾನು ಮೆಟ್ಟಿಲಲ್ಲಿ ಸಿಳ್ಳೆ ನಿಲ್ಲಿಸಿ, ಕದ್ದು ಕೇಳಿ ಕಲ್ತಿದೀನಿ. ಅದೇ ಇದು.”

ಢಣಾರ್ ಎಂದು ತಟ್ಟೆ ನೆಲಕ್ಕೆ ಬಿತ್ತು. ಬಿದ್ದು ಸುಮ್ಮನಾಯಿತೇ? ಇಲ್ಲ, ಬುಗುರಿಯಂತೆ ಸುತ್ತುತ್ತ, ಗಣಗಣ ಎನ್ನುತ್ತ ಮಂಚದ ಕೆಳಗೆ ನುಗ್ಗಿತು. ಮೂವರೂ ಒಟ್ಟಿಗೆ ಬಗ್ಗಿ ಒಬ್ಬರಿಗೊಬ್ಬರು ತಲೆ ಗುದ್ದಿಕೊಂಡರು. ತಟ್ಟೆ ಸಿಕ್ಕಿ, ತಾಯಿ ಮತ್ತೆ ಎದೆಗೆ ಆನಿಸಿಕೊಳ್ಳುವ ಹೊತ್ತಿಗೆ ಹಾಡು ಮುಗಿದು ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ಬಹುಮಾನ ನಾಯಿಗೆ ಹೋಯಿತು.

ಸಂಜೆ ಮಾವ ಎರಡನೆಯ ಬಹುಮಾನದ ಹೂಗುಚ್ಛ ಹಿಡಿದು ಬಂದು ನೇರ ಕಂಪ್ಯೂಟರಿನ ಮುಂದೆ ಕೂತರು. ತಮ್ಮ ಮೀಸೆ ನೋಡಿ ಮೆಚ್ಚಿಕೊಂಡರು. ಗುಂಡಿ ನೋಡಿ ನಾಲಿಗೆ ಕಚ್ಚಿಕೊಂಡರು. ಬೀಗಿತ್ತಿಯ ಕುರಿತು ಆಡಿದ ಮಾತು ಮುಗಿದು ತುಟಿ ಮುಂದೆ ಚಾಚಿದ್ದೇ ತಡ, ಚಿತ್ರ ಹಾಗೇ ನಿಂತುಹೋಯಿತು. ಚಾಚಿದ ತುಟಿಯ ಒಂದೊಂದು ಗೆರೆಯೂ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಶಬ್ದ ಮಾತ್ರ ಇಲ್ಲ. ಕೊಂಚ ಹೊತ್ತಿಗೆ ಆ ಮುಖವೂ ಚೂರುಚೂರಾಯಿತು.

“ಇಲ್ಲೇನಾಯ್ತು ಅಳಿಯಂದ್ರೇ?”

ಭೂತಗನ್ನಡಿ ಅಂಗಿಯ ತುದಿಯಿಂದ ಪರದೆಯನ್ನು ಒರೆಸತೊಡಗಿದ. ಹೆಂಡತಿ ಅತ್ತೆಯತ್ತ ನೋಡಿದಳು.

“ತಟ್ಟೆ ಜಾರಿತು,” ಎಂದರು ತಾಯಿ. “ಆ ಗಲಾಟೇಲಿ ನಂಗೂ ಏನೂ ಕೇಳಿಸ್ಲಿಲ್ಲ.”

ಒಂದು ತಿಂಗಳು ಸಿಳ್ಳೆ ಹಾಕಬಾರದೆಂಬ ಮಾತು ಮಗಳಿಂದ ಮಾವನಿಗೆ ಆಗಲೇ ತಿಳಿದಿತ್ತು. ಅವರು ಹೂಗುಚ್ಛ ಕೆಳಗಿಟ್ಟು ಮೇಲೆದ್ದರು.

“ಎಲ್ಲಿಗೆ ಹೊರಟ್ರಿ?” ತಾಯಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. “ಅದೊಂದು ಹೊಡೆದು ಹೋಗಿ. ತಿಂಗಳು ನಾಳೆಯಿಂದ.”

ಮಾವ ತುಟಿ ಚಾಚಿದರು. ಆದರೆ ಎದುರಿಗೆ ಬೀಗಿತ್ತಿ ಕೈಕಟ್ಟಿ ಪರೀಕ್ಷೆ ಮಾಡುವವರಂತೆ ಕೂತಿದ್ದನ್ನು ನೋಡಿ ಕಿಸಕ್ಕನೆ ನಗು ಬಂತು. ಮತ್ತೆ ಚಾಚಿದರು, ಮತ್ತೆ ನಗು. ಕೊನೆಗೆ ಮಗಳು ಅವರನ್ನು ಭುಜ ಹಿಡಿದು ಫ್ರಿಜ್ಜಿನ ಕಡೆ ಮುಖ ಮಾಡಿ ನಿಲ್ಲಿಸಿದಳು. ಫ್ರಿಜ್ಜಿಗೆ ಸಿಳ್ಳೆ ಹಾಕತೊಡಗಿದ ಮೇಲೆ ಹಾಡು ಸರಾಗವಾಗಿ ಹರಿಯಿತು.

“ನಿಲ್ಲಿಸಿ, ನಿಲ್ಲಿಸಿ,” ಎಂದರು ತಾಯಿ. “ಎರಡನೇ ಸಾಲು ಹಾಗಲ್ಲ.”

“ಹಾಗೇ ಗುನುಗಿದ್ರಲ್ಲ ನೀವು?”

“ನಾನೆಲ್ಲಿ? ನೀವು ಮೆಟ್ಟಿಲಲ್ಲಿ ಕದ್ದು ಕೇಳಿದ್ರೆ ಹೀಗೇ ಆಗೋದು. ಸರಿಯಾಗಿ ಕೇಳಿ.” ಹಾಗೆಂದು ತಾಯಿ ಬಾಯಿ ಬಿಟ್ಟು, ಮನೆಯವರು ಯಾವತ್ತೂ ಕೇಳಿರದ ಗಟ್ಟಿ ದನಿಯಲ್ಲಿ ಹಾಡಿಯೇಬಿಟ್ಟರು. ಮಾವ ಅದರ ಹಿಂದೆಯೇ ಸಿಳ್ಳೆ ಹಾಕಿದರು. ತಾಯಿ ತಿದ್ದಿದರು. ಮಾವ ವಾದಿಸಿದರು. ಭೂತಗನ್ನಡಿ ಏನನ್ನು ಎಲ್ಲಿಗೆ ಸಿಕ್ಕಿಸಿದರೆ ಇದನ್ನು ರೆಕಾರ್ಡ್ ಮಾಡಬಹುದೆಂದು ತಂತಿಗಳ ಗಂಟಿನಲ್ಲಿ ಕೈಯಾಡಿಸುತ್ತಲೇ ಇದ್ದ.

ರಾತ್ರಿ ಬಹಳ ಹೊತ್ತಾದ ಮೇಲೆ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ವಕೀಲರು ಬನಿಯನ್ನಿನಲ್ಲೇ ಬಂದು ನಿಂತಿದ್ದರು.

“ಏನ್ರೀ ಇದು ಗಲಾಟೆ? ಮನುಷ್ಯರು ಮಲಗೋದು ಬೇಡ್ವಾ?”

“ಬೈಯೋದಿದ್ರೆ ಆಮೇಲೆ ಬೈಯಿರಿ,” ಎಂದು ತಾಯಿ ಅವರಿಗೂ ಒಂದು ಸ್ಟೂಲು ತಳ್ಳಿದರು. “ಮೊದಲು ಇಬ್ಬರದ್ದೂ ಕೇಳಿ, ಎರಡನೇ ಸಾಲು ಯಾರದ್ದು ಸರಿ ಅಂತ ತೀರ್ಪು ಕೊಡಿ.”