ಯಲಿಗಾರ ಮಾಸ್ತರರ ರಿಲೇ ಕೋಲು

ನಾನು ಒಂದು ರಿಲೇ ಕೋಲು. ಹುಟ್ಟಬೇಕಾಗಿದ್ದದ್ದು ಮಾತ್ರ ಲಟ್ಟಣಿಗೆಯಾಗಿ. ಹಾವೇರಿ ಸೀಮೆಯ ಪೇಟೆಯೊಂದರಲ್ಲಿ ಒಬ್ಬ ಮುದುಕ ಲಟ್ಟಣಿಗೆ, ಕಡಗೋಲು, ತೊಟ್ಟಿಲ ಗೂಟ ಕಡೆದು ಮಾರುತ್ತಿದ್ದ. ಮಾವಿನ ಕಟ್ಟಿಗೆಯ ನನ್ನನ್ನು ಉರುಟು ಮಾಡಿ, ಇನ್ನೇನು ಎರಡೂ ತುದಿಗೆ ಹಿಡಿಕೆ ತೆಗೆಯಬೇಕು, ಅಷ್ಟರಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಮನುಷ್ಯರೊಬ್ಬರು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದರು. ಹಿಡಿಕೆ ಬೇಡ, ಒಂದಡಿ ಉದ್ದಕ್ಕೆ ಕೊಯ್ದು ಹಾಗೇ ಕೊಡು ಎಂದರು. ಹಿಡಿಕೆಯಿಲ್ಲದ ಲಟ್ಟಣಿಗೆ ತಗೊಂಡು ಏನು ಮಾಡುತ್ತೀರಿ ಎಂದು ಮುದುಕ ಕೇಳಿದ್ದಕ್ಕೆ, ಓಡಿಸುತ್ತೇನೆ ಎಂದರು. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೇನೂ ನಗು ಬರಲಿಲ್ಲ. ಬೆಚ್ಚಗೆ ಒಂದು ಅಡುಗೆಮನೆ ಸೇರಿ, ಹಿಟ್ಟಿನ ಮೇಲೆ ಉರುಳಾಡಿಕೊಂಡು ಇರಬೇಕಾದ ನನಗೆ ಇದೆಂಥ ಹಣೆಬರಹ ಬಂತಪ್ಪಾ ಎಂದು ಹೊಟ್ಟೆ ಉರಿಯಿತು.

ಅವರೇ ಯಲಿಗಾರ ಮಾಸ್ತರರು. ಕರಿಮಣ್ಣಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪೀಟಿ ಕಲಿಸುತ್ತಿದ್ದರು. ಧ್ವಜದ ಕಂಬಕ್ಕೆ ಬಳಿದು ಉಳಿದ ಬಿಳಿ ಬಣ್ಣವನ್ನು ನನಗೆ ಹಚ್ಚಿ, ನಡುವೆ ಒಂದು ಕೆಂಪು ಪಟ್ಟಿ ಎಳೆದರು. ನನಗಿಂತ ಮುಂಚೆ ಆ ಮಕ್ಕಳು ಮುರಿದ ರೂಲುದೊಣ್ಣೆ ಹಿಡಿದು ರಿಲೇ ಓಡುತ್ತಿದ್ದರಂತೆ. ಹೀಗಾಗಿ ನಾನು ಬಂದ ದಿನ ಎಲ್ಲರೂ ಸಾಲಾಗಿ ನಿಂತು ನನ್ನನ್ನು ಮುಟ್ಟಿ ನೋಡಿದರು. ಒಬ್ಬ ಮೂಸಿಯೂ ನೋಡಿದ. ನನ್ನ ಹೊಟ್ಟೆಯುರಿ ಅಂದೇ ಅರ್ಧ ಇಳಿಯಿತು. ಗಾಳಿ ಹೋದ ವಾಲಿಬಾಲು, ತುಕ್ಕು ಹಿಡಿದ ಲೇಜಿಮು, ಇಲಿ ಕಡಿದ ಹಗ್ಗ ಇವುಗಳ ಜೊತೆ ಕಪಾಟಿನಲ್ಲಿ ನನಗೂ ಒಂದು ಜಾಗ ಸಿಕ್ಕಿತು.

ರಿಲೇಯಲ್ಲಿ ನಾಲ್ವರು ಓಡುತ್ತಾರೆ. ನಾನು ಮಾತ್ರ ಮೊದಲಿಂದ ಕೊನೆಯವರೆಗೆ ಓಡುತ್ತೇನೆ, ಹೊಗಳಿಸಿಕೊಳ್ಳುವವರು ಬೇರೆ. ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ನಾನು ಹೋಗುವ ಜಾಗಕ್ಕೆ ಸುಣ್ಣದ ಗೆರೆ ಹಾಕಿರುತ್ತಾರೆ. ಆ ಗೆರೆ ದಾಟುವುದರೊಳಗೆ ಕೈ ಬದಲಾಗಬೇಕು, ದಾಟಿದರೆ ತಂಡವೇ ಆಟದಿಂದ ಹೊರಗೆ. ತೆಗೆದುಕೊಳ್ಳುವವಳು ಮುಂದೆ ನೋಡಿಕೊಂಡೇ ಓಡಲು ಶುರುಮಾಡುತ್ತಾಳೆ. ಹಿಂದಿನಿಂದ ಬರುವವಳು ಹತ್ತಿರ ಬಂದಾಗ "ತಗೋ" ಎಂದು ಕೂಗುತ್ತಾಳೆ. ಆಗ ಮುಂದಿನವಳ ಅಂಗೈ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಆ ಕೂಗು ತಪ್ಪಿದರೆ ನಾನು ಮಣ್ಣಿನಲ್ಲಿ.

ಆ ವರ್ಷದ ಹುಡುಗಿಯರ ತಂಡದಲ್ಲಿ ಮೊದಲ ಇಬ್ಬರದು ತಕರಾರಿರಲಿಲ್ಲ. ಮೂರನೆಯ ಓಟ ಆರನೇ ತರಗತಿಯ ದ್ಯಾಮವ್ವನದು. ಮೈದಾನದ ತಿರುವಿನಲ್ಲಿ ಅವಳಷ್ಟು ಚುರುಕಾಗಿ ಓಡುವವರು ಇರಲಿಲ್ಲ. ಕೊನೆಯ ಓಟ ಏಳನೇ ತರಗತಿಯ ಫಕೀರವ್ವನದು, ಅವಳು ಇಡೀ ಶಾಲೆಗೇ ಜೋರು. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಹಿಂದಿನ ವರ್ಷದವರೆಗೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದವರು. ದ್ಯಾಮವ್ವ ಅಕ್ಕಾ ಅಕ್ಕಾ ಎನ್ನುತ್ತ ಫಕೀರವ್ವನ ಲಂಗದ ಚುಂಗು ಹಿಡಿದೇ ತಿರುಗುತ್ತಿದ್ದಳು.

ಬೇಸಿಗೆ ರಜೆಯಲ್ಲಿ ಎರಡು ಮನೆಗಳಿಗೂ ಕೆಟ್ಟಿತು. ಫಕೀರವ್ವನ ಅಪ್ಪ ಉಡಚಪ್ಪ ಅಣ್ಣ, ದ್ಯಾಮವ್ವನ ಅಪ್ಪ ಮೈಲಾರಪ್ಪ ತಮ್ಮ. ಹೊಲ ಪಾಲಾಗುವಾಗ ಬದು ಒಂದು ಸಾಲು ಆಚೆಯೋ ಈಚೆಯೋ ಎಂದು ಶುರುವಾದ ಜಗಳ ಹಿತ್ತಲಿನಲ್ಲಿ ಅಡ್ಡಗೋಡೆ ಏಳುವ ತನಕ ಹೋಯಿತು. ಗೋಡೆ ಆಳೆತ್ತರಕ್ಕಿಂತ ಸ್ವಲ್ಪ ಮೇಲೇ ಎದ್ದಿತು. ಮಣ್ಣು ಮೆತ್ತಿ ಮುಗಿಸಿದ ದಿನವೇ ಮೈಲಾರಪ್ಪ ಮಗಳನ್ನು ಕರೆದು, ಆ ಮನೆಯ ಹುಡುಗಿಯ ಜೊತೆ ಒಂದು ಮಾತಾಡಿದ್ದು ಗೊತ್ತಾದರೂ ಶಾಲೆ ಬಿಡಿಸಿ ಎಮ್ಮೆ ಕಾಯಲು ಹಚ್ಚುತ್ತೇನೆ ಎಂದ. ಹೇಳಿದ್ದನ್ನು ಮಾಡುವ ಮನುಷ್ಯ ಅವನು. ಹಿರಿಯ ಮಗಳನ್ನು ಹಾಗೆಯೇ ಯಾವುದೋ ಸಿಟ್ಟಿಗೆ ಬಿಡಿಸಿ ಮನೆಯಲ್ಲಿ ಕೂರಿಸಿದ್ದ.

ಮಾಸ್ತರರು ಬೇರೆ ಊರಿನವರು, ಅವರಿಗೆ ಇದೊಂದೂ ಗೊತ್ತಿರಲಿಲ್ಲ. ತಾಲೀಮಿನ ಮೊದಲ ದಿನ ದ್ಯಾಮವ್ವ ಬಾಣದಂತೆ ಬಂದಳು, ಹತ್ತಿರ ಬಂದು ತುಟಿ ಕಚ್ಚಿ ಹಿಡಿದಳು. ಕೂಗಲಿಲ್ಲ. ಫಕೀರವ್ವನ ಕೈ ಹಿಂದಕ್ಕೆ ಬರಲಿಲ್ಲ. ನಾನು ಬಿದ್ದೆ. ಮತ್ತೆ ಓಡಿಸಿದರು, ಮತ್ತೆ ಬಿದ್ದೆ. ಸಂಜೆಯವರೆಗೆ ಬಿದ್ದು ಬಿದ್ದು ನನ್ನ ತುದಿಯ ಬಣ್ಣವೆಲ್ಲ ಎದ್ದು ಹೋಯಿತು. ಬಾಯಲ್ಲಿ ಏನು ಅವಲಕ್ಕಿ ಇಟ್ಟುಕೊಂಡಿದ್ದೀಯಾ ಎಂದು ಮಾಸ್ತರರು ಬೈದಾಗ ಆ ಹುಡುಗಿ ಅಳದೆ ನಿಂತು ಹೇಳಿದಳು:

"ಅಕೀನ ಮಾತಾಡಿಸಿದ್ರ ಅಪ್ಪ ಸಾಲಿ ಬಿಡಸ್ತಾನ್ರಿ ಸರ್."

ಮಾಸ್ತರರು ಓಡುವವರ ಸರದಿ ಬದಲಾಯಿಸಿ ನೋಡಿದರು, ಬೇರೆಯವರು ತಿರುವಿನಲ್ಲಿ ಜಾರಿ ಬಿದ್ದರು. ತಗೋ ಎನ್ನುವುದು ಮಾತಲ್ಲ, ಬರೀ ಆಟದ ಕೂಗು ಎಂದು ತಿಳಿಹೇಳಿದರು. ದ್ಯಾಮವ್ವ ಒಲ್ಲೆನೆಂದು ತಲೆ ಅಲ್ಲಾಡಿಸಿದಳು. ಫಕೀರವ್ವ ಅತ್ತ ಮುಖ ಮಾಡಿ ಕಾಲಿನಿಂದ ಮಣ್ಣು ಕೆದರುತ್ತಿದ್ದಳು.

ಆದರೆ ಹುಡುಗಿಯರು ಸುಮ್ಮನೆ ಕೂರುವವರೇ? ದ್ಯಾಮವ್ವನ ಎರಡೂ ಮುಂಗೈ ತುಂಬ ಹಸಿರು ಗಾಜಿನ ಬಳೆಗಳಿದ್ದವು. ಓಡುವಾಗ ಅವು ಝಣಝಣ ಎನ್ನುತ್ತಿದ್ದವು. ಫಕೀರವ್ವ ಆ ಸಪ್ಪಳಕ್ಕೆ ಕಿವಿ ಕೊಟ್ಟು ಕಲಿತಳು. ಬಳೆ ಎಷ್ಟು ಜೋರಾದರೆ ತಂಗಿ ಎಷ್ಟು ಹತ್ತಿರ ಬಂದಿದ್ದಾಳೆ ಎಂಬುದು ಅವಳಿಗೆ ಕರಾರುವಾಕ್ಕಾಗಿ ಗೊತ್ತಾಗತೊಡಗಿತು. ಸರಿಯಾದ ಗಳಿಗೆಗೆ ಕೈ ಚಾಚುತ್ತಿದ್ದಳು, ದ್ಯಾಮವ್ವ ನನ್ನನ್ನು ಆ ಅಂಗೈಗೆ ಇಡುತ್ತಿದ್ದಳು. ಒಂದು ಮಾತಿಲ್ಲ. ಅವರು ಹೀಗೆ ಮಾಡೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡದ್ದೂ ಅಲ್ಲ, ಮಾತು ಬಿಟ್ಟವರು ಹೇಳಿಕೊಳ್ಳುವುದಾದರೂ ಹೇಗೆ? ಮಾಸ್ತರರು ತಮ್ಮ ತಾಲೀಮಿನಿಂದಲೇ ಇದೆಲ್ಲ ಆಯಿತು ಎಂದುಕೊಂಡು ಭೇಷ್ ಭೇಷ್ ಎಂದರು. ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೆ. ಕ್ಲಸ್ಟರ್ ಮಟ್ಟದ ಆಟಗಳಲ್ಲಿ ನಾವು ಎಲ್ಲರನ್ನೂ ಹಿಂದೆ ಹಾಕಿ ಗೆದ್ದೆವು.

ತಾಲೂಕು ಮಟ್ಟದ ಕ್ರೀಡಾಕೂಟಕ್ಕೆ ಬಾಡಿಗೆಯ ಟ್ರ್ಯಾಕ್ಸ್ ಗಾಡಿಯಲ್ಲಿ ಹೊರಟೆವು. ಹುಡುಗಿಯರ ಜೊತೆ ದೊಡ್ಡವರು ಯಾರಾದರೂ ಇರಲಿ ಎಂದಾಗ ಉಡಚಪ್ಪ ಹೊರಟ. ಅಣ್ಣ ಹೊರಟ ಮೇಲೆ ತಮ್ಮ ಬಿಡುತ್ತಾನೆಯೇ? ಮೈಲಾರಪ್ಪನೂ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹತ್ತಿದ. ಒಬ್ಬ ಮುಂದೆ, ಒಬ್ಬ ಹಿಂದೆ. ದೊಡ್ಡವರ ಆ ಬಿಗುವಿಗೆ ಮಕ್ಕಳ ಹಾಡು, ಚಪ್ಪಾಳೆ ಎಲ್ಲ ನಿಂತುಹೋಯಿತು. ದ್ಯಾಮವ್ವ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

ಮೈದಾನದಲ್ಲಿ ನಮ್ಮ ಸರದಿ ಬಂದಾಗ ತೀರ್ಪುಗಾರರೊಬ್ಬರು ಸಾಲಿನ ಗುಂಟ ಬಂದರು. ದ್ಯಾಮವ್ವನ ಕೈ ನೋಡಿ, ಗಾಜಿನ ಬಳೆ ಹಾಕಿಕೊಂಡು ಓಡುವಂತಿಲ್ಲ, ಬಿದ್ದರೆ ಕೈ ಕೊಯ್ದುಕೊಳ್ಳುತ್ತದೆ, ತೆಗೆಸಿರಿ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮಾಸ್ತರರೂ ಹೌದ್ರಿ ಎಂದು ಕರವಸ್ತ್ರ ಹಾಸಿದರು. ದ್ಯಾಮವ್ವ ಕೈ ಹಿಂದಕ್ಕೆಳೆದುಕೊಂಡಳು. "ಬಳಿ ಇರ್ಲಿ ಬಿಡ್ರಿ ಸರ್" ಎಂದಳು. ಹಟ ಮಾಡಬೇಡ, ಓಟ ಮುಗಿದ ಮೇಲೆ ಕೊಡುತ್ತೇನೆ ಎಂದು ಮಾಸ್ತರರು ಒಂದೊಂದಾಗಿ ಬಿಚ್ಚಿಸಿ ಗಂಟು ಕಟ್ಟಿ ಜೇಬಿಗೆ ಹಾಕಿಕೊಂಡರು. ಅಯ್ಯೋ ಪುಣ್ಯಾತ್ಮ, ನೀನು ಜೇಬಿಗೆ ಹಾಕಿಕೊಂಡದ್ದು ಆ ಹುಡುಗಿಯ ದನಿಯನ್ನು ಎಂದು ನಾನು ಎಷ್ಟು ಒದರಿಕೊಂಡರೇನು, ಕಟ್ಟಿಗೆಯ ಕೂಗು ಯಾರಿಗೆ ಕೇಳುತ್ತದೆ? ಫಕೀರವ್ವ ಆಗಲೇ ಮೈದಾನದ ಆ ತುದಿಗೆ ಹೋಗಿ ನಿಂತಿದ್ದಳು. ಬಳೆ ಹೋದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಬದಿಗೆ ಜನರನ್ನು ತಡೆಯಲು ಕಟ್ಟಿದ್ದ ಹಗ್ಗಕ್ಕೆ ಒರಗಿ, ಕೈಕಟ್ಟಿ, ಮೈಲಾರಪ್ಪ ನಿಂತಿದ್ದ. ಆಟ ನೋಡಲು ಬಂದವನಲ್ಲ, ಮಗಳ ಬಾಯಿ ಕಾಯಲು ಬಂದವನು.

ಓಟ ಶುರುವಾಯಿತು. ಮೊದಲ ಇಬ್ಬರು ನನ್ನನ್ನು ಚೆಂದವಾಗಿ ತಂದು ಮುಟ್ಟಿಸಿದರು. ದ್ಯಾಮವ್ವ ತಿರುವಿನಲ್ಲಿ ಮುಂದಿದ್ದ ಇಬ್ಬರನ್ನು ದಾಟಿದಳು, ಎಲ್ಲರಿಗಿಂತ ಮುಂದಾದಳು. ಜನ ಹೋ ಎಂದು ಎದ್ದರು. ಆ ಗದ್ದಲಕ್ಕೆ ಫಕೀರವ್ವ ತುಸು ಮುಂಚೆಯೇ ಓಡಲು ಶುರುಮಾಡಿಬಿಟ್ಟಳು. ಬಳೆಯ ಸಪ್ಪಳಕ್ಕೆ ಕಿವಿ ನೆಟ್ಟು ಓಡುತ್ತಿದ್ದಾಳೆ, ಸಪ್ಪಳವಿಲ್ಲ. ತಂಗಿ ಇನ್ನೂ ದೂರವಿದ್ದಾಳೆ ಎಂದುಕೊಂಡು ನಿಧಾನ ಮಾಡಬೇಕಿತ್ತು, ಇಲ್ಲ ತಿರುಗಿ ನೋಡಬೇಕಿತ್ತು. ಗಾಬರಿಗೆ ಎರಡೂ ಮಾಡದೆ ಓಡಿಯೇ ಓಡಿದಳು. ನಡುವಿನ ಜಾಗ ಹೆಚ್ಚುತ್ತ ಹೋಯಿತು. ಮುಂದೆ ಸುಣ್ಣದ ಗೆರೆ ಬಂದೇ ಬಿಟ್ಟಿತು. ದ್ಯಾಮವ್ವನ ಬೆವರಿಗೆ ನಾನು ಜಾರುತ್ತಿದ್ದೆ. ಅವಳು ಒಮ್ಮೆ ಹಗ್ಗದ ಕಡೆ ನೋಡಿದಳು. ಅಪ್ಪನ ಕಣ್ಣು ಅವಳ ಮೇಲೆಯೇ ಇತ್ತು. ಆಗ ಆ ಕೈ ನನ್ನನ್ನು ಹಿಂಡಿದ ಹಾಗೆ ಮುಂದೆ ಯಾರೂ ಹಿಂಡಲಿಲ್ಲ.

"ಅಕ್ಕಾ! ನಿಂದ್ರ, ಅಕ್ಕಾ! ತಗೋ!"

ಫಕೀರವ್ವ ಹೊಡೆತ ಬಿದ್ದವಳಂತೆ ನಿಂತಳು. ಕಾಲ ಹೆಬ್ಬೆರಳು ಗೆರೆಯ ಸುಣ್ಣಕ್ಕೆ ತಾಗುವುದೊಂದೇ ಬಾಕಿ. ಕೈ ಹಿಂದಕ್ಕೆ ಬಂತು, ನಾನು ಆ ಕೈ ಸೇರಿದೆ. ಅಷ್ಟರಲ್ಲಿ ಪಕ್ಕದ ಶಾಲೆಯವಳು ದಾಟಿ ಹೋಗಿದ್ದಳು. ಫಕೀರವ್ವ ಅಳುತ್ತಲೇ ಓಡಿದಳು, ಅವಳ ಕಣ್ಣೀರು ಗಾಳಿಗೆ ಹಾರಿ ನನ್ನ ಮೇಲೂ ಬಿತ್ತು. ನಾವು ಎರಡನೆಯವರಾಗಿ ಮುಟ್ಟಿದೆವು. ಜಿಲ್ಲೆಗೆ ಹೋಗುವುದು ಮೊದಲು ಬಂದವರು ಮಾತ್ರ.

ದ್ಯಾಮವ್ವ ಓಟ ನಿಲ್ಲಿಸಿದ ಜಾಗದಲ್ಲೇ ನೆಲಕ್ಕೆ ಕುಳಿತಿದ್ದಳು. ಫಕೀರವ್ವ ನನ್ನನ್ನು ಹಿಡಿದುಕೊಂಡೇ ಅವಳ ಬಳಿಗೆ ಓಡಿ ಬಂದಳು, ಆದರೆ ಮೈಲಾರಪ್ಪ ಹಗ್ಗ ದಾಟಿ ಬರುವುದನ್ನು ಕಂಡು ದೂರವೇ ನಿಂತಳು. ಮಾಸ್ತರರು ನಡುವೆ ಬಂದು ಏನೋ ಹೇಳಲು ಹೋದರು. ಮೈಲಾರಪ್ಪ ಅವರ ಕಡೆ ನೋಡಲೂ ಇಲ್ಲ.

"ಯಾರನ್ನ ಕರದಿ?" ಎಂದು ಮಗಳನ್ನು ಕೇಳಿದ.

"ಅಕ್ಕನ್ನ," ಎಂದಳು ದ್ಯಾಮವ್ವ. ಆಮೇಲೆ ತಲೆ ತಗ್ಗಿಸಿಯೇ ಹೇಳಿದಳು: "ಬಳಿ ಇದ್ದಿದ್ರ ಕರೀತಿದ್ದಿಲ್ಲಪ್ಪಾ. ಇಷ್ಟು ದಿನಾ ಬಳಿ ಸಪ್ಪಳಕ್ಕ ಕೈ ಚಾಚತಿದ್ಲು."

ಮಾಸ್ತರರು ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಅಂಗೈ ಮೇಲೆ ಹಿಡಿದರು. ಮೈಲಾರಪ್ಪ ಅದನ್ನೇ ನೋಡುತ್ತ ನಿಂತ. ತನ್ನ ಮಾತು ಮೀರಬಾರದೆಂದು ಈ ಎರಡು ಕೂಸುಗಳು ಪಟ್ಟ ಪಾಡು ಅವನ ತಲೆಗೆ ಇಳಿಯಲು ಅಷ್ಟು ಹೊತ್ತು ಹಿಡಿಯಿತೋ ಏನೋ. ಕೊನೆಗೆ ಗಂಟು ಇಸಿದುಕೊಂಡು, ಕುಕ್ಕರಗಾಲಲ್ಲಿ ಕುಳಿತು, ಮಗಳ ಕೈಗೆ ಬಳೆಗಳನ್ನು ಒಂದೊಂದಾಗಿ ಏರಿಸಿದ. ಅವನಿಗೆ ರೂಢಿಯಿಲ್ಲದ ಕೆಲಸ, ಒಂದು ಬಳೆ ಚಿಟಕ್ಕೆಂದು ಒಡೆಯಿತು.

"ನಾಳೆ ಸಾಲಿಗೆ ಲಗೂನ ಏಳಬೇಕು. ನಡೀ," ಎಂದ.

ತಿರುಗಿ ಬರುವಾಗ ಟ್ರ್ಯಾಕ್ಸಿನಲ್ಲಿ ಅಣ್ಣತಮ್ಮಂದಿರು ಮತ್ತೆ ಒಬ್ಬ ಮುಂದೆ, ಒಬ್ಬ ಹಿಂದೆ. ಹುಡುಗಿಯರು ಮಾತ್ರ ಒಂದೇ ಸೀಟಿನಲ್ಲಿ ಕುಳಿತು, ಬೇಸಿಗೆಯಿಂದ ಕೂಡಿಟ್ಟ ಮಾತನ್ನೆಲ್ಲ ಊರು ಬರುವವರೆಗೆ ಆಡಿದರು. ಯಾರೂ ಬೇಡ ಎನ್ನಲಿಲ್ಲ.

ಮರುವರ್ಷ ಶಾಲೆಗೆ ಅಲ್ಯೂಮಿನಿಯಮ್ ಕೋಲುಗಳು ಬಂದವು. ಹಗುರ, ಹೊಳಪು, ತಲೆಯಲ್ಲಿ ಏನೂ ಇಲ್ಲ, ಬರೀ ಟೊಳ್ಳು. ಮಾಸ್ತರರಿಗೆ ವರ್ಗವಾದಾಗ ನನ್ನನ್ನು ದ್ಯಾಮವ್ವನ ಕೈಗಿಟ್ಟು ಹೋದರು. ಅವಳ ಅವ್ವ ನನ್ನನ್ನು ತಿರುಗಿಸಿ ನೋಡಿ, ಇದು ಲಟ್ಟಣಿಗೆಯಲ್ಲವೇ ಎಂದು ಕುಡುಗೋಲಿನಿಂದ ಬಣ್ಣ ಕೆರೆದಳು. ಕಡೆದ ಮುದುಕನ ನಂತರ ನನ್ನ ನಿಜವಾದ ಜಾತಕ ಗೊತ್ತಾದದ್ದು ಅವಳಿಗೇ. ಆಚೆ ಮನೆಯಲ್ಲೂ ನನ್ನನ್ನು ಮೆಚ್ಚಿದರು. ಚಪಾತಿ ಮಾಡಿದ ದಿನ ದ್ಯಾಮವ್ವ ಅಡ್ಡಗೋಡೆಯ ಮೇಲಿಂದ ನನ್ನನ್ನು ಎತ್ತಿ ಹಿಡಿದು, ಅಕ್ಕಾ ತಗೋ ಎನ್ನುತ್ತಿದ್ದಳು. ಆಚೆಯಿಂದ ಒಂದು ಕೈ ಬರುತ್ತಿತ್ತು. ಹುಡುಗಿಯರು ಗಂಡನ ಮನೆಗೆ ಹೋದ ಮೇಲೆ ಅವರ ತಾಯಂದಿರು, ಆ ಇಬ್ಬರು ನೆಗೆಣ್ಣಿಯರು, ಅದನ್ನೇ ನಡೆಸಿಕೊಂಡು ಬಂದರು. ಗಂಡಸರು ಮಾತ್ರ ಉಂಡು ಕೈ ತೊಳೆದರೇ ಹೊರತು ಬಿಟ್ಟ ಮಾತು ಬಿಟ್ಟೇ ಇದ್ದರು. ಅಣ್ಣತಮ್ಮಂದಿರ ತಲೆ ನರೆಯಿತು. ನನಗೂ ನಡುವೆ ಒಂದು ಸೀಳು ಬಿಟ್ಟಿತು.

ಮೊನ್ನೆ ಹೋಳಿಹುಣ್ಣಿಮೆ, ಎರಡೂ ಮನೆಯಲ್ಲಿ ಹೋಳಿಗೆ. ಆಚೆಯಿಂದ ಲಟ್ಟಣಿಗೆ ಕೊಡವಾ ಎಂಬ ಕೂಗು ಬಂತು. ದ್ಯಾಮವ್ವನ ಅವ್ವನ ಕೈಯೆಲ್ಲ ಕಣಕ, ನನ್ನನ್ನು ಗಂಡನ ಕೈಗೆ ತುರುಕಿ ಗೋಡೆಯ ಮೇಲಿಂದ ಕೊಟ್ಟು ಬಾ ಎಂದಳು. ಮೈಲಾರಪ್ಪ ಗೊಣಗುತ್ತ ಹಿತ್ತಲಿಗೆ ಬಂದು ನನ್ನನ್ನು ಎತ್ತಿ ಹಿಡಿದ. ಯಾವ ಕೈಯೂ ಬರಲಿಲ್ಲ. ಅಷ್ಟರಲ್ಲಿ ಅವನ ಅತ್ತಿಗೆ, ಹೂರಣ ತಳ ಹತ್ತೀತು ಎಂದು ಒಲೆಯ ಕಡೆ ಓಡಿಹೋಗಿದ್ದಳು. ಗೋಡೆಯಾಚೆ ಯಾರೋ ಕೆಮ್ಮಿದರು. ಆ ಕೆಮ್ಮು ಯಾರದೆಂದು ಮೈಲಾರಪ್ಪನಿಗೆ ಗೊತ್ತಾಗದೇ ಇರುತ್ತದೆಯೇ? ನನ್ನನ್ನು ಗೋಡೆಯ ಮೇಲಿಟ್ಟು ತಿರುಗಬಹುದಿತ್ತು. ಇಡಲು ಹೋದ, ಇಡಲಿಲ್ಲ. ನನಗೋ ಸುಣ್ಣದ ಗೆರೆ ಕಣ್ಣ ಮುಂದೆ ಬಂದಂತಾಯಿತು. ಕೂಗೋ ಮಾರಾಯಾ, ಕೂಗದಿದ್ದರೆ ಅವನಿಗಾದರೂ ಹೇಗೆ ತಿಳಿಯಬೇಕು?

"ಅಣ್ಣಾ," ಎಂದ ಮೈಲಾರಪ್ಪ. ನನ್ನನ್ನು ಇನ್ನಷ್ಟು ಆಚೆಗೆ ಚಾಚಿ ಮತ್ತೆ ಹೇಳಿದ: "ಅಣ್ಣಾ, ತಗೋ."

ಆಚೆ ಕೆಮ್ಮು ನಿಂತಿತು. ಆಮೇಲೆ ಗೋಡೆಯ ಮೇಲೆ ಒಂದು ಕೈ ಕಾಣಿಸಿತು, ನನ್ನನ್ನು ತಡವರಿಸಿ ಹುಡುಕಿ ಹಿಡಿಯಿತು. ಮೈಲಾರಪ್ಪ ಒಡನೆ ಬಿಡಲಿಲ್ಲ. ನಾನು ಗೋಡೆಯ ಮೇಲೆ ಎರಡೂ ಕೈಗಳಲ್ಲಿ ಇದ್ದೆ.